ಬುಸುಗುಡುವ ಕಾರು

“ಮೆಕ್ಯಾನಿಕ್ಕಾ? ನಾನಿರುವಾಗ ಮೆಕ್ಯಾನಿಕ್ಕೇ? ಪ್ರಿಂಟಿಂಗ್ ಪ್ರೆಸ್ಸಿನ ಆನೆಯಂಥ ಮೆಷಿನ್ನುಗಳನ್ನ ಜೀವಮಾನವಿಡೀ ಕಿವಿ ಹಿಂಡಿ ಓಡಿಸಿದವನು ಕಣೇ ನಾನು! ಕೇಳು, ಹೇಳ್ತೀನಿ. ಎಂಜಿನ್ನು ಗಾಳಿ ಒಳಗೆಳೆದುಕೊಳ್ಳುತ್ತೆ. ಆ ಎಳೆತ ಸಣ್ಣ ಸಣ್ಣ ರಬ್ಬರ್ ಪೈಪುಗಳಲ್ಲಿ ಹೋಗಿ ಡ್ಯಾಶ್‌ಬೋರ್ಡಿನ ಒಳಗಿರೋ ಪುಟ್ಟ ಬಾಗಿಲನ್ನ ಜಗ್ಗುತ್ತೆ. ಬಾಗಿಲು ತಿರುಗಿದರೆ ಬಿಸಿಗಾಳಿ ಕಾಲಿಗೆ, ತಿರುಗದಿದ್ದರೆ ಮುಂದಿನ ಗಾಜಿಗೆ. ಈಗ ಯಾವುದೋ ಪೈಪು ಸೀಳಿದೆ, ಎಳೆತ ಸೋರ್ತಿದೆ. ಸೀಳಿದ ಕಡೆ ಬುಸ್ ಅನ್ನುತ್ತೆ. ಕಿವಿಯೊಂದಿದ್ದರೆ ಸಾಕು, ಚಿಟಿಕೆ ಹೊಡೆಯೋದರಲ್ಲಿ ರಿಪೇರಿ!”

ಹೀಗೆಂದು ಯಜಮಾನರು ಬಾನೆಟ್ಟು ಎತ್ತಿದರು. ಅವರ ಹೆಂಡತಿ, ಬೀದಿಗೆಲ್ಲ ಟೈಲರಮ್ಮ, ಅರ್ಧ ಹೊಲಿದ ರವಿಕೆ ತೋಳನ್ನು ಹೊಲಿಗೆ ಮೆಷಿನ್ನಿನಲ್ಲೇ ಬಿಟ್ಟು ಎದ್ದು ಬಂದರು. ಮರುದಿನ ಯಜಮಾನರ ಅಕ್ಕನನ್ನು ಆಸ್ಪತ್ರೆಯಿಂದ ಕರೆತರಬೇಕು. ಮಂಡಿ ಆಪರೇಷನ್ ಆದ ಜೀವ, ಹಲ್ಲು ಕಟಕಟ ಅನ್ನಿಸುವ ಚಳಿ, ದಾರಿಯೂ ದೂರ. “ನನ್ನ ಕಾಲನ್ನ ಮಂಜುಗಡ್ಡೆ ಮಾಡೋದಾದರೆ ಬರಲೇಬೇಡ ಕಣೋ, ಇಲ್ಲೇ ಬಿದ್ದಿರ್ತೀನಿ” ಎಂದು ಅಕ್ಕ ಫೋನಿನಲ್ಲಿ ಗತ್ತಿನಿಂದ ಹೇಳಿದ್ದರು. ಕೊನೆಯ ಮಾತಿಗೆ ದನಿ ನಡುಗಿದ್ದು ಟೈಲರಮ್ಮನ ಕಿವಿಗೆ ಬಿದ್ದಿತ್ತು.

ಟೈಲರಮ್ಮನಿಗೆ ಮುಂದಿನ ಸೀಟಿನಲ್ಲಿ ಕೂತು ಗಾಳಿಯ ವರದಿ ಕೊಡುವ ಉನ್ನತ ಹುದ್ದೆ ಸಿಕ್ಕಿತು. ಎಂಜಿನ್ನು ಶುರುವಾಯಿತು.

“ಗಾಳಿ ಎಲ್ಲಿ ಬರ್ತಿದೆ?”

“ಗಾಜಿಗೇ ರೀ. ಬುಸ್ ಅಂತಾನೂ ಇದೆ.”

ಯಜಮಾನರು ಒಂದು ಪೈಪಿಗೆ ಟೇಪು ಸುತ್ತಿದರು. “ನಿಂತಿತು ನೋಡು ಸದ್ದು!”

“ಇಲ್ಲಾ ರೀ.”

ಇನ್ನೊಂದಕ್ಕೆ ಸುತ್ತಿದರು. “ಈಗ?”

“ಬುಸ್ ಅಂತಾನೇ ಇದೆ.”

“ಅದು ನಿನ್ನ ಭ್ರಮೆ! ನನಗೇನೂ ಕೇಳಿಸ್ತಿಲ್ಲ!”

ಸುತ್ತಿ ಸುತ್ತಿ ಎಂಜಿನ್ನು ಅಕ್ಕನ ಪಕ್ಕದ ಮಂಚಕ್ಕೆ ಸೇರಿಸಬಹುದಾದ ರೋಗಿಯಂತಾಯಿತು! ಆಮೇಲೆ ಒಂದು ದಪ್ಪ ಪೈಪಿನ ಮೇಲೆ ಅನುಮಾನ ಬಂದು ಅದನ್ನು ಕಿತ್ತರು. ಕಾರು ಗಡಗಡ ನಡುಗಿ ತೆಪ್ಪಗಾಯಿತು.

“ಕೇಳಿಸಿತಾ? ಸಂಪೂರ್ಣ ನಿಶ್ಶಬ್ದ!”

“ಎಂಜಿನ್ನೇ ಸತ್ತಿದೆ ರೀ.”

ಅವರು ಗೊಣಗುತ್ತ ಪೈಪು ಸಿಕ್ಕಿಸಿ ಮತ್ತೆ ಶುರು ಮಾಡಿದರು. ಟೈಲರಮ್ಮನಿಗೆ ಈಗ ಕುತೂಹಲ ತಡೆಯಲಾಗಲಿಲ್ಲ. ಹೊಲಿಗೆ ಮೆಷಿನ್ನು ಒಂದು ಹೊಲಿಗೆ ತಪ್ಪಿದರೂ ಪಕ್ಕದ ಕೋಣೆಯಿಂದಲೇ ಹಿಡಿಯುವವರು ಅವರು. ತಲೆ ವಾಲಿಸಿ ಕೇಳಿದರು. ಸದ್ದು ಬಾನೆಟ್ಟಿನದಲ್ಲ, ತಮ್ಮ ಮೊಣಕಾಲಿನ ಎದುರಿನದು! ಡ್ಯಾಶ್‌ಬೋರ್ಡಿನ ಸಾಮಾನು ಇಡುವ ಪೆಟ್ಟಿಗೆ ಕೆಳಗಿಳಿಸಿ ಹಿಂದೆ ಕೈ ತೂರಿಸಿದರು. ತೆಳು ಪೈಪೊಂದರ ತುದಿ ಸೀಳಿತ್ತು. ಸೀಳಿನ ಮೇಲೆ ಬೆರಳಿಟ್ಟರು. ಸದ್ದು ನಿಂತಿತು, ಒಳಗೆಲ್ಲೋ ಟಪ್ ಎಂದಿತು, ಪಾದಕ್ಕೆ ಬೆಚ್ಚನೆ ಗಾಳಿ ಸುರಿಯಿತು. ಬೆರಳು ತೆಗೆದರೆ ಗಾಜಿಗೆ, ಇಟ್ಟರೆ ಕಾಲಿಗೆ! ಇಷ್ಟು ದೊಡ್ಡ ಕಾರು ನನ್ನೊಂದು ಬೆರಳಿನ ಮಾತು ಕೇಳುತ್ತಲ್ಲ ಎಂದು ಟೈಲರಮ್ಮ ಮಗುವಿನ ಹಾಗೆ ಇಟ್ಟು ತೆಗೆದು, ಇಟ್ಟು ತೆಗೆದು ನೋಡಿದರು.

“ರೀ, ಕಾಲಿಗೆ ಬಂತು!”

ಯಜಮಾನರು ಟೇಪಿನ ಸುರುಳಿಯನ್ನು ಗೆದ್ದ ಕಪ್ಪಿನಂತೆ ಎತ್ತಿ ಹಿಡಿದು ಓಡಿ ಬಂದು ಕಿಟಕಿಯಲ್ಲಿ ತಲೆ ತೂರಿಸಿದರು. “ಹೇಳಲಿಲ್ಲವೇ? ಸದ್ದೂ ಅಡಗಿತು!”

ಟೈಲರಮ್ಮ ಬೆರಳು ತೆಗೆದರು. ಬುಸ್ಸ್! “ಈಗ?”

“ಈಗಲೂ ಅಡಗೇ ಇದೆ ಕಣೇ!”

ಅವರ ಕಿವಿಗೂ ಪೈಪಿಗೂ ಗೇಣುದ್ದವಷ್ಟೇ ದೂರ. ಟೈಲರಮ್ಮ ನಗಲು ಹೋಗಿ ಗಂಡನ ಕಿವಿಯನ್ನೇ ನೋಡಿದರು. ಆಮೇಲೆ ಅವರ ಕೈ ಹಿಡಿದೆಳೆದು, ಅವರ ಬೆರಳನ್ನೇ ಸೀಳಿನ ಮೇಲಿಟ್ಟರು. ಪೈಪು ಚರ್ಮವನ್ನು ಹೀರಿ ಹಿಡಿಯಿತು. ಯಜಮಾನರು ಬೆರಳು ನೋಡಿದರು, ಹೆಂಡತಿಯ ಮುಖ ನೋಡಿದರು.

“ಇದು... ಸದ್ದು ಮಾಡ್ತಿತ್ತಾ?”

“ಹೂಂ ರೀ. ಕುಕ್ಕರ್ ಕೂಗೋಕೆ ಮುಂಚೆ ಬುಸ್ ಅನ್ನಲ್ವಾ, ಹಾಗೆ.”

“ಕುಕ್ಕರ್ರು ಕೂಗೋಕೆ ಮುಂಚೆ ಬುಸ್ ಅನ್ನುತ್ತಾ?”

ಟೈಲರಮ್ಮ ಒಳಗೆ ಹೋಗಿ ಕತ್ತರಿ ತಂದರು. ಬಟ್ಟೆಯ ಕತ್ತರಿಯಲ್ಲ, ಅದನ್ನು ರಬ್ಬರಿಗೆ ಮುಟ್ಟಿಸಿದರೆ ದೇವರೂ ಕ್ಷಮಿಸಲ್ಲ; ದಾರದ ಕತ್ತರಿ. ಸೀಳಿದ ತುದಿಯನ್ನು ಕತ್ತರಿಸಿ, ಉಳಿದದ್ದನ್ನು ಮತ್ತೆ ಅದರ ಜಾಗಕ್ಕೆ ಬಿಗಿಯಾಗಿ ಒತ್ತಿ ಕೂರಿಸಿದರು. ಬಿಸಿಗಾಳಿ ಕಾಲಿಗೇ ಬರತೊಡಗಿತು.

“ನಾಳೆ ಹೇಗೂ ಆಸ್ಪತ್ರೆಗೆ ಹೋಗ್ತೀವಲ್ಲ, ಕಿವಿ ಡಾಕ್ಟರನ್ನೂ ನೋಡಿ ಬರೋಣ” ಎಂದರು ಟೈಲರಮ್ಮ, ಸ್ವಲ್ಪ ಗಟ್ಟಿಯಾಗಿ.

“ಅಕ್ಕನಿಗೆ ಮಾತ್ರ ಹೇಳಬೇಡ. ಮನೆ ಸೇರೋವರೆಗೂ ಆಡಿಕೊಳ್ತಾಳೆ.”

“ಆಡಿಕೊಳ್ಳಲಿ ಬಿಡಿ. ನಿಮಗೆ ಅರ್ಧ ಕೇಳಿಸಲ್ವಲ್ಲ!”

ಸಂಜೆ ಅಡುಗೆಮನೆಯಲ್ಲಿ ಕುಕ್ಕರ್ ಒಲೆಯ ಮೇಲಿತ್ತು. ಯಜಮಾನರು ಬೀನ್ಸ್ ನಾರು ತೆಗೆಯುತ್ತ ಅದರ ಮುಂದೆಯೇ ಕೂತಿದ್ದರು.

“ಬುಸ್ ಅಂತಿದೆಯಾ?”

ಟೈಲರಮ್ಮ ಹೌದೆಂದು ತಲೆಯಾಡಿಸಿದರು. ಯಜಮಾನರು ಎದ್ದು ಉರಿ ಸಣ್ಣಗೆ ಮಾಡಿ, ಮತ್ತೆ ಬೀನ್ಸ್ ಮುಂದೆ ಕೂತರು.