ಹಲ್ಲಲ್ಲಿ ಕೇಳುತ್ತಿದ್ದ ಮೇಸ್ತ್ರಿ

ಹಳೇ ಟ್ರಾಕ್ಟರ್ ರಿಪೇರಿ ಮಾಡುವವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ವಾರಕ್ಕೊಂದಾದರೂ ಪ್ರಸಂಗ ಶೆಡ್ಡಿಗೇ ನಡೆದುಕೊಂಡು ಬರುತ್ತದೆ. ಈಗಲೂ ಬರುತ್ತದೆ. ಆದರೆ ಜೊತೆಗೆ ನಗಲು ನಮ್ಮ ಮೇಸ್ತ್ರಿ ಇಲ್ಲ. ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ, ಹೊಸೂರಿನ ಕಾರ್ಖಾನೆಯಲ್ಲಿ ದಿನವಿಡೀ ಒಂದೇ ಬೋಲ್ಟ್ ಬಿಗಿಯುವ ಕೆಲಸ ಬೇಸರವಾಗಿ, ಹೆಂಡತಿಯ ಕೈಲಿ ಬೈಸಿಕೊಂಡು, ಕೆಲಮಂಗಲದ ಅವರ ಶೆಡ್ಡಿಗೆ ಸೇರಿದೆ. ಎಂಜಿನ್ನಿಗೆ ತಮಿಳಿನಲ್ಲಿ ಬೈದು, ದೇವರಿಗೆ ತೆಲುಗಿನಲ್ಲಿ ಕೈಮುಗಿದು, ನನಗೆ ಕನ್ನಡದಲ್ಲಿ ಕೆಲಸ ಕಲಿಸಿದವರು ಅವರು.

೧. ಬಸ್ಸಿನಲ್ಲಿ ಬಂದ ಸದ್ದು

ಒಂದು ಬೆಳಗ್ಗೆ ಗುಮ್ಮಳಾಪುರದ ಗೌಡರೊಬ್ಬರು ಬಸ್ಸಿಳಿದು ಬಂದರು.

“ಎಂಜಿನ್ನಲ್ಲಿ ಸದ್ದು ಬತ್ತದೆ ಮೇಸ್ತ್ರಿ.”

“ಗಾಡಿ ಎಲ್ಲಿ?”

“ಓಡ್ಸಿದ್ರೆ ಇನ್ನೂ ಕೆಡ್ತದೆ ಅಂತ ಕಣದಲ್ಲೇ ಬುಟ್ಟು ಬಂದಿವ್ನಿ. ಸದ್ದು ಮಾತ್ರ ತಂದಿವ್ನಿ.”

ತಂದ ಸದ್ದನ್ನು ಅಲ್ಲೇ ಬಾಯಲ್ಲಿ ಮಾಡಿ ತೋರಿಸಿದರು: “ಲೊಟ್, ಲೊಟ್, ಲೊಟ್.” ಮೇಸ್ತ್ರಿ ಅವರ ಬಾಯನ್ನೇ ದಿಟ್ಟಿಸುತ್ತಾ, “ಆಕ್ಸಿಲರೇಟರ್ ಕೊಡಿ” ಎಂದರು. ಗೌಡರು ಜೋರು ಮಾಡಿದರು. “ಲೋಡ್ ಬಿದ್ರೆ?” ಗೌಡರು ಒಂದು ಗಳಿಗೆ ಯೋಚಿಸಿ, ಬಾಗಿಲಲ್ಲಿದ್ದ ಹಳೇ ಟೈರನ್ನು ಹೆಗಲಿಗೇರಿಸಿಕೊಂಡು, ಲೊಟಗುಟ್ಟುತ್ತಾ ಶೆಡ್ಡನ್ನು ಎರಡು ಸುತ್ತು ಬಂದರು. ಕೊನೆಗೆ ಕೆಮ್ಮು ಹತ್ತಿ ಕುಸಿದು ಕೂತರು.

“ಗೌಡ್ರೆ, ಟ್ರಾಕ್ಟರ್ ಆಮೇಲೆ ನೋಡಾನ,” ಎಂದರು ಮೇಸ್ತ್ರಿ. “ಮೊದ್ಲು ನಿಮ್ಮನ್ನ ಬಿಚ್ಬೇಕು.”

೨. ಸದ್ದು ನಿಂತದ್ದು

ಮಾರನೆಯ ದಿನ ನಾವೇ ಗುಮ್ಮಳಾಪುರಕ್ಕೆ ಹೋದೆವು. ಮೂರು ಸಿಲಿಂಡರಿನ ಹಳೇ ಗಾಡಿ. ಕಣದಲ್ಲಿ ರಾಗಿ ತೆನೆ ಹರಡಿಕೊಂಡು, ತುಳಿಸಲು ಅದನ್ನೇ ಕಾಯುತ್ತಿದ್ದರು.

ಸದ್ದು ಹಿಡಿಯುವುದಕ್ಕೆ ಮೇಸ್ತ್ರಿಯದೊಂದು ಕ್ರಮ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ ಒತ್ತಿ, ಮರದ ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚುವರು. ನಾನು ಒಂದೊಂದೇ ಸಿಲಿಂಡರಿನ ಡೀಸೆಲ್ ಪೈಪು ಸಡಿಲಿಸಬೇಕು. ಯಾವುದನ್ನು ಸಡಿಲಿಸಿದಾಗ ಸದ್ದು ಇಳಿಯುತ್ತದೋ, ಕಾಯಿಲೆ ಅಲ್ಲೇ.

ಒಂದನೆಯದು ಸಡಿಲಿಸಿದೆ. ಏನೂ ವ್ಯತ್ಯಾಸವಿಲ್ಲ. ಎರಡನೆಯದಕ್ಕೆ ಕೈ ಹಾಕುವಾಗ ನನ್ನ ಮೊಣಕೈ ಪಂಪಿನ ಪಕ್ಕದ ಲಿವರಿಗೆ ತಗುಲಿ ಎಂಜಿನ್ನೇ ಆಫ್ ಆಯಿತು. ಕಣವೆಲ್ಲ ಗಪ್‌ಚಿಪ್.

“ನಿಂತೋಯ್ತು ಕಣ್ಲಾ!” ಮೇಸ್ತ್ರಿ ಕಣ್ಣು ಮುಚ್ಚಿಕೊಂಡೇ ಕೂಗಿದರು. “ಎರಡ್ನೇದೇ! ಸದ್ದು ಚೂರೂ ಇಲ್ಲ!”

“ಮೇಸ್ತ್ರಿ, ಎಂಜಿನ್ನೇ ನಿಂತೋಗದೆ,” ಎಂದರು ಗೌಡರು. ಅದೂ ಮೇಸ್ತ್ರಿಗೆ ಕೇಳಲಿಲ್ಲ.

೩. ಗುಟ್ಟು

ಕಣ್ಣು ಬಿಟ್ಟು ನನ್ನ ಮುಖ ನೋಡಿದಾಗ ಅವರಿಗೆ ಅರ್ಥವಾಯಿತು. ಜನ್ಮವೆಲ್ಲ ಎಂಜಿನ್ ಪಕ್ಕ ಕಳೆದ ಆ ಮನುಷ್ಯನ ಕಣ್ಣಲ್ಲಿ ಹೆದರಿಕೆ ಕಂಡದ್ದು ಅದೇ ಮೊದಲು. ಕಿವುಡ ಮೇಸ್ತ್ರಿ ಎಂದು ಸುದ್ದಿಯಾದರೆ ಆ ಶೆಡ್ಡಿಗೆ ಯಾರು ಗಾಡಿ ತರುತ್ತಾರೆ?

“ಮೇಸ್ತ್ರಿ ತಮಾಸೆ ಮಾಡ್ತಾವ್ರೆ ಗೌಡ್ರೆ,” ಎಂದುಬಿಟ್ಟೆ.

ಗೌಡರು ಬೀಡಿ ಸೇದಲು ಹುಣಸೇಮರದ ಕಡೆ ಹೋದರು. ಮೇಸ್ತ್ರಿ ನನ್ನನ್ನು ಟ್ರಾಕ್ಟರಿನ ಮರೆಗೆ ಎಳೆದು, ಕಿವಿ ಗುಂಯ್ಗುಡುವ ಹಾಗೆ ಕಿವಿಯಲ್ಲಿ ಹೇಳಿದರು: “ಎರಡು ವರ್ಸ ಆಯ್ತು ಕಣ್ಲಾ. ಜನರ ಬಾಯಿ ನೋಡ್ಕಂಡು ಸುಧಾರಿಸ್ತಾ ಇವ್ನಿ. ಯಾರ್ಗೂ ಹೇಳ್ಬ್ಯಾಡ.”

ಗೌಡರು ವಾಪಸು ಬಂದ ಮೇಲೆ ಮತ್ತೆ ಸ್ಟಾರ್ಟ್ ಮಾಡಿದೆವು. ಅವರಿಗೆ ಏನನ್ನಿಸಿತೋ, ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದರು. ಎಂಜಿನ್ನಿನ ಅದುರು ಹಲ್ಲಿನಿಂದ ತಲೆಯೊಳಕ್ಕೆ ಹತ್ತಿ ಸದ್ದಾಗಿ ಕೇಳಿಸಿರಬೇಕು, ಮುಖ ಅರಳಿತು. ಮೂರನೆಯ ಪೈಪು ಸಡಿಲಿಸಿದಾಗ ಮೂರು ಬೆರಳು ಎತ್ತಿದರು, ಕಣ್ಣಲ್ಲಿ ನೀರು. ಬಿಚ್ಚಿ ನೋಡಿದರೆ ಮೂರನೆಯ ಕನೆಕ್ಟಿಂಗ್ ರಾಡಿನ ಬೇರಿಂಗೇ ಸವೆದುಹೋಗಿತ್ತು.

“ಅದ್ಯಾಕ್ಲಾ ಕಚ್ಚಿದ್ದು?” ಎಂದು ಗೌಡರು ನನ್ನನ್ನು ಕೇಳಿದರು.

ಕಾರ್ಖಾನೆಯ ಗತ್ತನ್ನೆಲ್ಲ ತಂದುಕೊಂಡು ಹೇಳಿದೆ: “ಕಿವಿ ಹಳೇ ಪದ್ಧತಿ ಗೌಡ್ರೆ. ಈಗೆಲ್ಲ ಹಲ್ಲೇ. ಜಪಾನಲ್ಲೂ ಅಷ್ಟೇ!”

೪. ಹಲ್ಲಿನ ಕೀರ್ತಿ

ಆ ಸುಳ್ಳು ಡೆಂಕಣಿಕೋಟೆಯ ಕಾಡಂಚಿನವರೆಗೂ ಹಬ್ಬಿತು. “ಒಂದ್ಸಲ ಕಚ್ಚಿ ನೋಡಿ ಮೇಸ್ತ್ರಿ” ಎಂದು ಪಂಪ್‌ಸೆಟ್ ತಂದರು, ಹೊಲಿಗೆ ಮಿಷನ್ನನ್ನೂ ತಂದರು. ಮೇಸ್ತ್ರಿ ಯಾರಿಗೂ ಇಲ್ಲ ಎನ್ನಲಿಲ್ಲ. ಅವರು ಅಷ್ಟು ಖುಷಿಯಾಗಿದ್ದುದನ್ನು ನಾನು ಮೊದಲು ಕಂಡಿರಲಿಲ್ಲ.

ಹೊಸೂರಿನ ಷೋರೂಮೊಂದರಿಂದ ಒಬ್ಬ ಎಂಜಿನಿಯರ್ ಬಂದಿದ್ದ. ಡಾಕ್ಟರ ಹಾಗೆ ಕಿವಿಗೆ ಕೊಳವೆ ಸಿಕ್ಕಿಸಿಕೊಂಡು ಒಂದು ಎಂಜಿನ್ ಪರೀಕ್ಷೆ ಮಾಡುತ್ತಿದ್ದ. ಅದರ ಯಜಮಾನ ಬಹಳ ಹೊತ್ತು ನೋಡಿ, ಕನಿಕರದಿಂದ ಕೇಳಿದ: “ಪಾಪ, ಈ ವಯಸ್ಗೇ ಹಲ್ಲೆಲ್ಲ ಹೋದ್ವಾ ಸಾರ್?”

೫. ನನ್ನ ಸರದಿ

ಹೀಗೇ ಮೂರು ವರ್ಷ. ಒಂದು ಬೆಳಗ್ಗೆ ಶೆಡ್ಡಿನ ಬೀಗ ತೆಗೆಯಲು ಮೇಸ್ತ್ರಿ ಬರಲಿಲ್ಲ, ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು. ಸ್ಪ್ಯಾನರುಗಳೂ ಸ್ಕ್ರೂಡ್ರೈವರೂ ನನ್ನ ಪಾಲಿಗೆ ಬಂದವು. ಈಗಲೂ ಯಾವುದಾದರೂ ಎಂಜಿನ್ ಸ್ಟಾರ್ಟ್ ಆದರೆ, ಬೆರಳು ಎತ್ತುತ್ತಾರೇನೋ ಎಂದು ಪಕ್ಕಕ್ಕೆ ತಿರುಗಿ ನೋಡುತ್ತೇನೆ.

ಕೆಲವು ತಿಂಗಳ ಮೇಲೆ ಗೌಡರು ಮತ್ತೆ ಬಂದರು, ಈ ಸಲ ಗಾಡಿ ಸಮೇತ. ಅವರೇ ಪೈಪು ಸಡಿಲಿಸಿದರು, ನಾನು ಸ್ಕ್ರೂಡ್ರೈವರ್ ಕಿವಿಗಿಟ್ಟು ಕೇಳಿದೆ.

“ಎರಡ್ನೇದು ಗೌಡ್ರೆ.”

“ಕಚ್ಚು,” ಎಂದರು.

ಸುಳ್ಳು ಸಾಕೆನಿಸಿತು. “ಕಚ್ಚೋದು ಗಿಚ್ಚೋದು ಏನಿಲ್ಲ ಗೌಡ್ರೆ. ಮೇಸ್ತ್ರಿಗೆ ಕಿವಿ ಕೇಳ್ತಿರ್ಲಿಲ್ಲ. ಅವತ್ತು ನಾನೇ ಕಟ್ಟಿ ಹೇಳಿದ್ದು,” ಎಂದೆ.

“ಗೊತ್ತು ಕಣ್ಲಾ,” ಎಂದರು ಗೌಡರು. “ನಿಮ್ ಮೇಸ್ತ್ರಿ ನಿನ್ ಕಿವೀಲಿ ಗುಟ್ಟು ಹೇಳಿದ್ನಲ್ಲ, ಅದು ಹುಣಸೇಮರ ದಾಟಿ ಊರಿಗೆಲ್ಲ ಕೇಳ್ತು. ಕಿವಿ ಕೇಳ್ದೋನಿಗೆ ತನ್ ಗಂಟ್ಲು ಎಷ್ಟು ಜೋರು ಅಂತ ತಿಳೀತದಾ? ಯಾರೂ ಬಾಯಿ ಬುಡ್ಬಾರ್ದು ಅಂತ ನಾವೇ ಮಾತಾಡ್ಕಂಡ್ವಿ.”

ಗೊತ್ತಿದ್ದೂ ಆ ಜನ ಮೂರು ವರ್ಷ ಮೇಸ್ತ್ರಿಯ ಹತ್ತಿರವೇ ಗಾಡಿ ತಂದಿದ್ದರು. ಇದನ್ನು ಹೇಳೋಣವೆಂದರೆ ಮೇಸ್ತ್ರಿ ಇರಲಿಲ್ಲ.

“ಮತ್ತೆ ನಂಗ್ಯಾಕೆ ಕಚ್ಚು ಅಂತೀರಾ? ನಂಗೆ ಕಿವಿ ಚೆನ್ನಾಗಿ ಕೇಳ್ತದಲ್ಲ?”

“ಕೇಳ್ತದೆ. ಕೇಳಿಸ್ಕಂಡೇ ತಾನೇ ಹೋದ್ ತಿಂಗ್ಳು ನಮ್ ಬಾಮೈದನ ಗಾಡೀನ ನಾಲ್ಕು ದಿನ ಸುಮ್‌ಸುಮ್ನೆ ಬಿಚ್ಚಾಕಿದ್ದು? ಬಾಯ್ ಮುಚ್ಕಂಡು ಕಚ್ಲಾ!”

ಕಚ್ಚಿದೆ. ಹಿಡಿಯ ಮೇಲೆ ಮೇಸ್ತ್ರಿಯ ಹಲ್ಲಿನ ಗುರುತು ಹಾಗೇ ಇತ್ತು. ಗೌಡರು ಮತ್ತೆ ಒಂದೊಂದೇ ಪೈಪು ಸಡಿಲಿಸಿದರು. ಎರಡನೆಯದಲ್ಲ, ಒಂದನೆಯದು.