ಬುಧವಾರದ ಊಟಕ್ಕೆ ಎಂಟಲ್ಲ ಜನ

ಭಯ ಇರುವಲ್ಲಿ ನಗು ಇರಬಾರದು ಅಂತ ಶಾಸ್ತ್ರವಿದ್ದರೆ, ನಾನು ಕೆಲಸ ಮಾಡುವ ಜಾಗಕ್ಕೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಮೆಲ್ಬರ್ನಿನ ಒಂದು ಸಿನಗಾಗ್‌ನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಪ್ರತಿ ಬುಧವಾರ ವಯಸ್ಸಾದವರಿಗೆ ಊಟ ಹಾಕುತ್ತಾರೆ. ಅಲ್ಲಿಯ ಅಡುಗೆಮನೆಯಲ್ಲಿ ನನಗೆ ಕೆಲಸ. ಗೇಟಿನಲ್ಲಿ ಗಾರ್ಡ್, ಗೋಡೆಯ ಮೇಲೆ ಕ್ಯಾಮೆರಾ, ಪೊಲೀಸರನ್ನು ಕರೆಯಲು ಒಂದು ಕೆಂಪು ಬಟನ್. ನಾನೋ, ಜಿರಲೆ ಕಂಡರೆ ಮಂಚ ಹತ್ತುವವಳು. ಸಿನಗಾಗ್‌ಗಳ ಮೇಲೆ ದಾಳಿ ಅಂತ ಟಿವಿಯಲ್ಲಿ ಕೆಟ್ಟ ಸುದ್ದಿ ಬಂದಾಗೆಲ್ಲ, ಊರಂಚಿನ ವೆರಿಬೀಯ ನಮ್ಮ ಮನೆಯಲ್ಲಿ ಗಂಡನ ರಾಗ ಶುರು: "ಸಾಕು ಮಾರಾಯ್ತಿ, ಆ ಕೆಲಸ ಬಿಡು." ನನಗೂ ಬಿಡುವ ಮನಸ್ಸೇ. ಮಂಗಳವಾರ ಬಿಡುವ ನಿರ್ಧಾರ ಮಾಡುತ್ತಿದ್ದೆ, ಬುಧವಾರ ಬೆಳಿಗ್ಗೆ ಟ್ರೇನು ಹತ್ತುತ್ತಿದ್ದೆ.

ಚಮಚ

ಅಲ್ಲಿ ಹಾಲಿನ ಅಡುಗೆಯೂ ಮಾಂಸದ ಅಡುಗೆಯೂ ಒಂದಕ್ಕೊಂದು ಸೋಕುವಂತಿಲ್ಲ. ಪಾತ್ರೆ ಬೇರೆ, ಸಿಂಕ್ ಬೇರೆ. ಹಾಲಿನ ಚಮಚಕ್ಕೆ ನೀಲಿ ಹಿಡಿ, ಮಾಂಸದ್ದಕ್ಕೆ ಕೆಂಪು. ಉಡುಪಿಯಲ್ಲಿ ಅತ್ತೆಯ ಮಡಿ, ಮುಸುರೆಗಳಲ್ಲಿ ಪಳಗಿದ ನನಗೆ ಇದೇನು ಮಹಾ ಅಂದುಕೊಂಡಿದ್ದೆ.

ಮೊದಲ ವಾರವೇ, ನಾನು ತಟ್ಟೆ ಒರೆಸುತ್ತಿದ್ದಾಗ, ಅಡುಗೆಮನೆ ನೋಡಿಕೊಳ್ಳುವ ಹೆಂಗಸು ಕಿರುಚಿದಳು: "ಯಾರೂ ಅಲ್ಲಾಡಬೇಡಿ!"

ಅಯ್ಯೋ ದೇವೆರೇ, ಬಂದೇಬಿಟ್ಟರು ಅಂದುಕೊಂಡು ನಾನು ಮೇಜಿನ ಕೆಳಗೆ ತೂರಿದೆ. ಅಲ್ಲಿಂದಲೇ ಊರಿನ ದೇವರು ದೈವಗಳಿಗೆಲ್ಲ ಹರಕೆ ಹೊತ್ತೆ. ಸ್ವಲ್ಪ ಹೊತ್ತಿನ ಮೇಲೆ ಅವಳ ಮುಖ ಕೆಳಗೆ ಬಗ್ಗಿತು.

"ಅಲ್ಲೇನು ಮಾಡ್ತಿದ್ದೀಯಾ?"

"ಬಾಂಬ್ ಅಂದ್ಕೊಂಡೆ."

"ಬಾಂಬ್ ಆಗಿದ್ರೆ ಪೊಲೀಸರನ್ನ ಕರೀಬಹುದಿತ್ತು. ನೀಲಿ ಚಮಚ ಚಿಕನ್ ಸೂಪಿಗೆ ಬಿದ್ದಿದೆ. ಇದಕ್ಕೆ ಮಂದಿರದ ಗುರುಗಳೇ ಬರಬೇಕು!"

ಮುಂದಿನ ಹಬ್ಬ

ಆಮೇಲೊಮ್ಮೆ ಸೇಫ್ಟಿ ಟ್ರೇನಿಂಗ್ ಅಂತ ನನ್ನನ್ನು ಸಿಡ್ನಿಯ ಇನ್ನೊಂದು ಸಿನಗಾಗ್‌ಗೆ ಕಳಿಸಿದರು. ಬ್ಲ್ಯಾಕ್‌ಟೌನಿನಲ್ಲಿ ಅಕ್ಕನ ಮನೆಯಲ್ಲಿ ಉಳಿದುಕೊಂಡೆ. ಅವಳ ಮನೆಯಲ್ಲಿ ಹಬ್ಬದ ಗಡಿಬಿಡಿ, ಎಲ್ಲಿ ನೋಡಿದರೂ ತೆಂಗಿನತುರಿ.

ಸಿನಗಾಗ್‌ನ ಗೇಟಿನಲ್ಲಿ ಬಾಗಿಲೆತ್ತರದ ಗಾರ್ಡ್ ತಡೆದ. ಹೊಸಬರನ್ನು ಅವರು ಏನಾದರೊಂದು ಕೇಳಿ ಪರೀಕ್ಷೆ ಮಾಡುತ್ತಾರೆ. ಅವನು ನನ್ನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದ: "ಮುಂದಿನ ಹಬ್ಬ ಯಾವುದು?"

ಯಹೂದಿಗಳ ಹೊಸ ವರ್ಷ ಬರುತ್ತಿದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಭಯಕ್ಕೆ ಬಾಯಿಗೆ ಬಂದದ್ದು ಬೇರೆಯೇ.

"ಗೌರಿ ಗಣೇಶ!" ಅಂದೆ. ಸಾಲದ್ದಕ್ಕೆ, "ಕಡುಬು ಮಾಡ್ತೀವಿ" ಅಂತ ಸೇರಿಸಿದೆ.

ನನ್ನ ಕಥೆ ಮುಗಿಯಿತು, ಇನ್ನು ಜೈಲಿನಿಂದಲೇ ಗಂಡನಿಗೆ ಫೋನ್ ಅಂದುಕೊಂಡೆ. ಗಾರ್ಡ್ ಗೇಟು ತೆಗೆದ.

"ಮೋಸ ಮಾಡೋಕೆ ಬರೋರು ಗೂಗಲ್ ನೋಡಿ ಸರಿಯಾದ ಉತ್ತರ ಕಲ್ತುಕೊಂಡು ಬರ್ತಾರೆ. ನೀವು ಒಳಗೆ ಹೋಗಿ."

ಎಣಿಕೆ

ಈಚೆಗೆ ಸುದ್ದಿಗಳು ತೀರಾ ಕೆಟ್ಟವು. ಬುಧವಾರದ ಊಟಕ್ಕೆ ಬರುವವರು ಹೆದರಿ ಮನೆಯಲ್ಲೇ ಉಳಿಯತೊಡಗಿದರು. "ಇನ್ನೂ ಜನ ಕಡಿಮೆಯಾದರೆ ಊಟ ನಿಲ್ಲಿಸೋಣ" ಎಂದು ಗುರುಗಳು ಬೇಸರದಲ್ಲಿ ಹೇಳಿದರು. ನಿಲ್ಲಿಸುವ ಮೊದಲೇ ನಾನು ಬಿಡುತ್ತೇನೆ ಅಂತ ಆ ಬುಧವಾರ ಗಟ್ಟಿ ಮನಸ್ಸು ಮಾಡಿ ಹೋದೆ. ಅವತ್ತು ಊಟಕ್ಕೆ ಬಂದವರು ಎಂಟೇ ಜನ. ಸೂಪ್ ಬಡಿಸಿ ಬಂದು, ಗುರುಗಳಿಗೆ ಹೇಗೆ ಹೇಳಲಿ ಅಂತ ಓವನ್ ಮುಂದೆ ನಿಂತು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡುತ್ತಿದ್ದೆ. ಅಷ್ಟರಲ್ಲಿ ಅಲಾರಂ ಹೊಡೆದುಕೊಂಡಿತು.

ಸಿಡ್ನಿಯಲ್ಲಿ ಕಲಿಸಿದ್ದು ನೆನಪಾಯಿತು: ಊಟಕ್ಕೆ ಬಂದವರನ್ನೆಲ್ಲ ಕಾರ್ ಪಾರ್ಕಿಗೆ ಕರೆತಂದು ತಲೆ ಎಣಿಸಬೇಕು. ಕೂಗಾಡಿ, ಕೈ ಹಿಡಿದೆಳೆದು ಹೊರಗೆ ತಂದೆ. ಬೆರಳು ತೋರಿಸುತ್ತ, "ಒಂದು, ಎರಡು..." ಅಂದೆನೋ ಇಲ್ಲವೋ, ಕೋಲು ಹಿಡಿದ ತಾತ ಗದರಿದರು.

"ಜನರನ್ನ ಹಾಗೆ ಎಣಿಸಬಾರದು! ದೃಷ್ಟಿ ತಾಗುತ್ತೆ. ಒಂದಲ್ಲ, ಎರಡಲ್ಲ ಅನ್ನು. ಕೆಟ್ಟ ಕಣ್ಣಿಗೆ ಲೆಕ್ಕ ತಪ್ಪುತ್ತೆ."

ಇದು ಅವರ ಹಳೇ ಪದ್ಧತಿಯಂತೆ. ಆಯಿತಪ್ಪ ಅಂತ ಹಾಗೇ ಎಣಿಸಿದೆ. ಗಾರ್ಡ್ ಓಡಿಬಂದ.

"ಎಷ್ಟು ಜನ ಹೊರಗಿದ್ದಾರೆ?"

"ಏಳಲ್ಲ."

"ಮತ್ತೆ ಎಷ್ಟು?"

"ಏಳೇ! ಆದರೆ ಅಲ್ಲ!"

ಹಾಗೆ ಹೇಳುವಾಗಲೇ ಹೊಳೆಯಿತು. ಊಟಕ್ಕೆ ಬಂದವರು ಎಂಟು. ಮುತ್ತಿನ ಸರದ ಅಜ್ಜಿ ಇಲ್ಲ. ಎಲ್ಲರಿಗಿಂತ ಹಿರಿಯರು, ಪ್ರತಿ ವಾರ ಸೂಪಿಗೆ ಉಪ್ಪು ಸಾಲದು ಅನ್ನುವವರು. ಕಾಲಿಗೆ ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ. ಗಾರ್ಡ್ ಕೂಗುತ್ತಿದ್ದರೂ ಕೇಳದೆ ಒಳಗೆ ಓಡಿದೆ.

ಅಜ್ಜಿ ಕಿವಿಯ ಮೆಷಿನ್ ತೆಗೆದು ಮೇಜಿನ ಮೇಲಿಟ್ಟು, ನಿಧಾನಕ್ಕೆ ಸೂಪ್ ಕುಡಿಯುತ್ತಿದ್ದರು.

"ಏಳಿ ಅಜ್ಜಿ, ಏನೋ ಅಪಾಯ!" ಅಂತ ಕಿವಿಯಲ್ಲಿ ಕಿರುಚಿದೆ.

"ಅಪಾಯ ಅಲ್ಲ, ಬ್ರೆಡ್," ಅಂದರು. "ನಿನ್ನ ಓವನ್‌ನಲ್ಲಿ ಸೀದುಹೋಗ್ತಿದೆ. ಕಿವಿ ಕೇಳದಿದ್ರೇನು, ಮೂಗಿಲ್ವಾ?"

ನನಗೆ ಅಳು ಬಂತು, ನಗುವೂ ಬಂತು. ಓವನ್ ಆರಿಸಿ, ಅವರ ಕೈ ಹಿಡಿದು ಹೊರಗೆ ತಂದೆ. ಇನ್ನೊಂದು ಕೈಯಲ್ಲಿ ಸೂಪಿನ ಬಟ್ಟಲು ಅವರೇ ಹಿಡಿದಿದ್ದರು. ಕೋಲಿನ ತಾತ ಮೊದಲಿಂದ ಎಣಿಸಿದರು: "...ಏಳಲ್ಲ, ಎಂಟಲ್ಲ." ಆಮೇಲೆ ಕೋಲನ್ನು ನನ್ನ ಕಡೆ ತಿರುಗಿಸಿದರು: "ಒಂಬತ್ತಲ್ಲ."

ಗುರುಗಳು ಮುಂದಿನ ಬುಧವಾರದ ಮಾತೆತ್ತಿದಾಗ ಅಜ್ಜಿ ಹೇಳಿದರು: "ಇವಳು ಬಂದ್ರೆ ನಾವೂ ಬರ್ತೀವಿ. ಬ್ರೆಡ್ ಮಾತ್ರ ಬೇರೆಯವರು ನೋಡ್ಕೊಳ್ಳಲಿ."

ಸಂಜೆ ಮನೆಗೆ ಬಂದ ಕೂಡಲೇ ಗಂಡ ಕೇಳಿದರು: "ಬಿಡ್ತೇನೆ ಅಂತ ಹೇಳಿದ್ಯಾ?"

"ಹೇಗೆ ಹೇಳುವುದು? ನಾನೀಗ ಒಂಬತ್ತಲ್ಲ."

ಅವರು ಎದ್ದು ಬಂದು ನನ್ನ ಹಣೆ ಮುಟ್ಟಿ ನೋಡಿದರು. ಜ್ವರ ಇರಲಿಲ್ಲ.