ಭೀಮಬಾಯಿ ಇಳಿಸಿದ ಸೆಕ್ರೆಟರಿ

ಸಭೆಯಲ್ಲಿ ಬಾಯಿ ಮುಚ್ಚಿಕೊಂಡು ಕೂರುವುದೂ ಒಂದು ವಿದ್ಯೆ. ಅದು ನನಗೆ ಒಲಿಯಲಿಲ್ಲ. ಎಲ್ಲರೂ ಸುಮ್ಮನಿದ್ದಾಗ ಏನಾದರೂ ಹೇಳದಿದ್ದರೆ ನನಗೆ ಹೊಟ್ಟೆ ಉಬ್ಬರಿಸಿದಂತಾಗುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಗೆ ನಾನು ಸೆಕ್ರೆಟರಿಯಾದದ್ದು ಮಾತ್ರ ಮಾತಾಡಿ ಅಲ್ಲ, ಮಾತಾಡಲು ಅಲ್ಲಿ ಇಲ್ಲದೆ. ಆಯ್ಕೆಯ ಸಭೆಯ ದಿನ ನಾನಿದ್ದ ಲೋಕಲ್ ರೈಲು ಥಾಣೆ ಸ್ಟೇಶನ್ನಿನ ಹತ್ತಿರ ನಿಂತುಬಿಟ್ಟಿತ್ತು. ನಾನು ಮನೆ ಮುಟ್ಟುವಷ್ಟರಲ್ಲಿ ಅವಿರೋಧವಾಗಿ ಆಯ್ಕೆಯಾಗಿದ್ದೆ. ಮನೆ ಇಬ್ಬರ ಹೆಸರಿನಲ್ಲೂ ಇದ್ದದ್ದರಿಂದ ನನ್ನ ಹೆಂಡತಿ ಸುಮಿತ್ರಾ ಕೂಡ ಸದಸ್ಯಳು. ನನ್ನ ಹೆಸರಿಗೆ ಮೊದಲು ಕೈ ಎತ್ತಿದವಳು ತಾನೇ ಎಂದು ಚಹಾ ಕೊಡುತ್ತಾ ಹೇಳಿದಳು.

ಅಂಗಳದಲ್ಲೊಂದು ಮಾವಿನ ಮರವಿತ್ತು. ಕಟ್ಟಡಕ್ಕಿಂತ ಹಳೆಯದು. ಅದರ ಒಂದು ದಪ್ಪ ಕೊಂಬೆ ಎರಡನೆಯ ಮಹಡಿಯ ಶೆಟ್ಟರ ಗ್ಯಾಲರಿಯ ಕಟಕಟೆಗೆ ಒರಗಿಕೊಂಡು, ಗಾಳಿ ಬೀಸಿದಾಗಲೆಲ್ಲ ಕಿರುಗುಟ್ಟುತ್ತಿತ್ತು. ಶೆಟ್ಟರು ಉಡುಪಿ ಕಡೆಯವರು, ಥಾಣೆಯ ನೌಪಾಡಾದಲ್ಲಿ ಹೋಟೆಲು, ನಮ್ಮ ಸೊಸೈಟಿಯ ಅಧ್ಯಕ್ಷರು. ಮಳೆಗಾಲಕ್ಕೆ ಇನ್ನು ಹದಿನೈದು ದಿನ. ಪ್ರತಿ ವರ್ಷ ಬರುತ್ತಿದ್ದ ಮರ ಸವರುವವನು ಊರಿಗೆ ಹೋಗಿದ್ದ. ಮರವನ್ನೇ ಬುಡಸಮೇತ ಉರುಳಿಸಿಬಿಡೋಣ ಎಂಬ ಮಾತು ಶುರುವಾಯಿತು. ಎಲ್ಲರಿಗೂ ಚಿಕ್ಕಮ್ಮನಂತಿದ್ದ ನೆಲಮಹಡಿಯ ಮಾಲತಿ ಕಾಕುವಿಗೆ ಅದನ್ನು ಕೇಳಿ ಊಟ ಸೇರಲಿಲ್ಲ. ಇಡೀ ಕಟ್ಟಡಕ್ಕೆ ಉಪ್ಪಿನಕಾಯಿ ಹಾಕುತ್ತಿದ್ದವರು ಅವರೇ, ಆ ಮರದ ಕಾಯಿಯಲ್ಲೇ.

ಆಗ ಸುಮಿತ್ರಾ ಒಬ್ಬಳನ್ನು ಕರೆತಂದಳು. ಠಾಕುರ್ಲಿ ಕಡೆ ಕಟ್ಟುತ್ತಿದ್ದ ಒಂದು ಬಿಲ್ಡಿಂಗಿನಲ್ಲಿ ಗಾರೆ ಹೊರುವ ಕಲಬುರ್ಗಿಯ ಭೀಮಬಾಯಿ. ನಲ್ಲಿಯ ಹತ್ತಿರ ಕನ್ನಡ ಕಿವಿಗೆ ಬಿದ್ದು ಇಬ್ಬರಿಗೂ ಗೆಳೆತನವಾಗಿತ್ತಂತೆ. ಊರಲ್ಲಿ ಎಂಟು ವರ್ಷದವಳಿದ್ದಾಗಿನಿಂದ ಹುಣಸೆ ಮರ ಹತ್ತಿ ಬಡಿದವಳು, ಆಡಿಗೆ ಬೇವಿನ ಸೊಪ್ಪು ಕಡಿದವಳು. ಮಳೆ ಹಿಡಿದರೆ ಕಟ್ಟಡದ ಕೆಲಸ ನಿಲ್ಲುತ್ತದೆ, ನಾಲ್ಕು ತಿಂಗಳು ಒಲೆ ಹೊತ್ತಬೇಕಾದರೆ ಇಂಥ ಕೆಲಸ ಬೇಕು, ಒಂದು ಸೊಸೈಟಿಯಲ್ಲಿ ಮಾಡಿ ತೋರಿಸಿದರೆ ನಾಲ್ಕು ಕಡೆ ಕರೆಯುತ್ತಾರೆ ಎಂದಳು. ಮರದ ಸುತ್ತ ಎರಡು ಸಲ ತಿರುಗಿ, ಬುಡ ತಟ್ಟಿ ನೋಡಿ, "ಈ ಒಂದು ಟೊಂಗಿ ತೆಗದ್ರ ಸಾಕ್ರಿ. ಗಿಡಕ್ಕೇನೂ ಆಗಿಲ್ಲ, ಯಾಕ ಕೊಲ್ತೀರಿ?" ಅಂದಳು.

ಭಾನುವಾರ ಬೆಳಿಗ್ಗೆ ಟೆರೇಸಿನ ಮೇಲೆ ಸಭೆ ಸೇರಿತು. ಮರ ಉಳಿಯುತ್ತದೆಂದು ಎಲ್ಲರಿಗೂ ಸಂತೋಷ, ಉಳಿಸುವವಳು ಹೆಂಗಸೆಂದು ಎಲ್ಲರಿಗೂ ಸಂಕಟ. ಹೆಂಗಸು ಹತ್ತಿದ ಮರ ಮತ್ತೆ ಕಾಯಿ ಬಿಡುವುದಿಲ್ಲ ಎಂದು ಕಾಕು ಮರಾಠಿಯಲ್ಲಿ ಖಡಾಖಂಡಿತವಾಗಿ ಹೇಳಿದರು. ಸೀರೆಯಲ್ಲಿ ಹೇಗೆ ಹತ್ತುತ್ತಾಳೆ ಎಂದು ಇನ್ನೊಬ್ಬರು ಕೇಳಿದರು. ಅವರ ಅಜ್ಜಿ ಜೀವಮಾನವೆಲ್ಲ ಕಚ್ಚೆ ಸೀರೆಯಲ್ಲೇ ಓಡಾಡಿದವರು. ಶೆಟ್ಟರು ಟೆರೇಸಿನ ಅಂಚಿನಿಂದ ಬಗ್ಗಿ ತಮ್ಮ ಗ್ಯಾಲರಿಯನ್ನೇ ನೋಡುತ್ತಿದ್ದರು. ಸುಮಿತ್ರಾ ಮಾತ್ರ, "ಹೆಂಗಸು ಹತ್ತಬಾರದು ಅಂತ ಗಿಡಾ ಏನರ ಹೇಳೇದೇನು?" ಅಂದಳು. ಎಲ್ಲರೂ ಸುಮ್ಮನಾದರು. ಅಲ್ಲೇ ಮುಗಿದಿದ್ದರೆ ಭೀಮಬಾಯಿಗೆ ಕೆಲಸ ಸಿಗುತ್ತಿತ್ತು. ಆದರೆ ಆ ಮೌನ ನನ್ನಿಂದ ತಡೆಯಲಾಗಲಿಲ್ಲ. ಧಾರವಾಡದ ಪೇರಲ ತೋಟಗಳಲ್ಲಿ ನಾನು ಹತ್ತದ ಮರವೇ ಇಲ್ಲ, ಈ ಕೊಂಬೆ ನನಗೆ ಬಿಡಿ ಎಂದುಬಿಟ್ಟೆ. ಪೇರಲ ಮರ ಎಷ್ಟು ಎತ್ತರವಿರುತ್ತದೆಂದು ಯಾರೂ ಕೇಳಲಿಲ್ಲ.

ಅವಳ ನಾಲ್ಕು ತಿಂಗಳ ಅನ್ನದ ದಾರಿಗೆ ಕಲ್ಲು ಹಾಕಿದೆ ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು. ಇಡೀ ವಾರ ಸುಮಿತ್ರಾ ಒಂದು ಮಾತೂ ಬಯ್ಯಲಿಲ್ಲ. ಚಹಾಕ್ಕೆ ಸಕ್ಕರೆ ಹಾಕಲಿಲ್ಲ, ಅಷ್ಟೇ. ನನಗೆ ನಿಜಕ್ಕೂ ನಾಚಿಕೆಯಾಗಿತ್ತು. ಆದರೆ ಆಡಿದ ಮಾತು ಹಿಂತೆಗೆದುಕೊಳ್ಳುವಷ್ಟು ನಾಚಿಕೆ ಆಗಿರಲಿಲ್ಲ.

ಮುಂದಿನ ಭಾನುವಾರ ಏಣಿ ಇಟ್ಟು ಹತ್ತಿದೆ. ಅರ್ಧ ಮರದವರೆಗೆ ಎಲ್ಲ ಚೆನ್ನಾಗಿತ್ತು. ಅಲ್ಲಿ ಕೆಂಪಿರುವೆಗಳು ಸ್ವಾಗತಿಸಿದವು. ಒದರಿಕೊಳ್ಳಲು ಹೋಗಿ ಕಾಲು ತಾಗಿ ಏಣಿ ಬಿತ್ತು, ಹಿಂದೆಯೇ ಕನ್ನಡಕ ಬಿತ್ತು, ಕೊಡಲಿ ಬಿತ್ತು. ನಾನೊಬ್ಬ ಬೀಳಲಿಲ್ಲ. ಕೈಗೆ ಸಿಕ್ಕಿದ ಕೊಂಬೆಯನ್ನು ತಬ್ಬಿ ಕಣ್ಣು ಮುಚ್ಚಿದೆ. ಗ್ಯಾಲರಿಯಿಂದ ಶೆಟ್ಟರು, "ಬೀಳುವುದಾದರೆ ಆ ಕಡೆ ಬೀಳಿ ಮಾರಾಯ್ರೆ, ಈ ಕಡೆ ನನ್ನ ಹೂವಿನ ಕುಂಡ ಉಂಟು" ಅಂದರು. ಕೆಳಗಿನಿಂದ ಇನ್ನೊಂದು ಧ್ವನಿ ಬಂತು, "ಸಾಹೇಬ್ರ, ಕಡಿಬೇಕಾಗಿದ್ದು ನೀವು ಕುಂತ ಟೊಂಗಿನೇ ಅದರಿ."

ಭೀಮಬಾಯಿ. ಸುಮಿತ್ರಾ ಅವಳನ್ನು ಹಗ್ಗದ ಸಮೇತ ಬೆಳಿಗ್ಗೆಯೇ ಕರೆಸಿ ಕೂರಿಸಿದ್ದಳಂತೆ. ಗಂಡನ ಮೇಲೆ ಇಂಥ ನಂಬಿಕೆ ಎಷ್ಟು ಹೆಂಡಂದಿರಿಗಿರುತ್ತದೆ! ಆದರೆ ಭೀಮಬಾಯಿ ಮರ ಮುಟ್ಟಲಿಲ್ಲ. ಕಚ್ಚೆ ಬಿಗಿದು ನಿಂತು, ಹತ್ತಲೋ ಬೇಡವೋ ಎಂದು ಮಾಲತಿ ಕಾಕುವನ್ನೇ ಕೇಳಿದಳು. ಕಾಕು ಮರ ನೋಡಿದರು, ನನ್ನನ್ನು ನೋಡಿದರು. ಆಮೇಲೆ, ಹತ್ತು ಭೀಮಬಾಯಿ, ಮೊದಲು ಇವನನ್ನು ಇಳಿಸು, ಇವನು ಹೀಗೆ ಅಲ್ಲಾಡಿಸಿದರೆ ಮರದಲ್ಲಿ ಎಲೆಯೂ ಉಳಿಯುವುದಿಲ್ಲ ಎಂದರು.

ಭೀಮಬಾಯಿ ನೋಡನೋಡುತ್ತಿದ್ದಂತೆ ನನ್ನ ಪಕ್ಕದಲ್ಲಿದ್ದಳು. ನನ್ನ ಸೊಂಟಕ್ಕೆ ಹಗ್ಗ ಬಿಗಿದು, ಅದನ್ನು ಮೇಲಿನ ಕೊಂಬೆಗೆ ಸುತ್ತಿ, ಜೋಳದ ಚೀಲ ಇಳಿಸಿದಂತೆ ನನ್ನನ್ನು ಇಳಿಸಿದಳು. ಕೆಳಗೆ ಹಗ್ಗ ಹಿಡಿದಿದ್ದವನು ಅವಳ ಗಂಡ. ಮಾಳಿಗೆ ಹತ್ತಿದರೂ ಅವನಿಗೆ ತಲೆ ತಿರುಗುತ್ತದಂತೆ. ಅವನೂ ನಾನೂ ಮುಖ ಮುಖ ನೋಡಿಕೊಂಡು ನಕ್ಕೆವು. ಆಮೇಲೆ ಅವಳು ಆ ಕೊಂಬೆಯನ್ನು ತುಂಡುತುಂಡಾಗಿ ಕಡಿದು, ಒಂದೊಂದನ್ನೂ ಹಗ್ಗದಲ್ಲಿ ಇಳಿಸಿ, ಕಡಿದ ಗಾಯಕ್ಕೆ ಸಗಣಿ ಮೆತ್ತಿ ಬಂದಳು. ಶೆಟ್ಟರ ಒಂದು ಕುಂಡವೂ ಒಡೆಯಲಿಲ್ಲ. ಕಾಕು ಅರಿಶಿನ ಕುಂಕುಮ ಕೊಟ್ಟರು. ನನಗೆ ಕನ್ನಡಕ ಕೊಟ್ಟರು.

ಆ ಮಳೆಗಾಲ ಅವಳಿಗೆ ಕಲ್ಯಾಣದವರೆಗೂ ಕೆಲಸ. ಎರಡು ವರ್ಷದಲ್ಲಿ ಅವಳದೊಂದು ತಂಡವೇ ಆಯಿತು: ರಾಯಚೂರಿನ ಇಬ್ಬರು ಹೆಣ್ಣುಮಕ್ಕಳು, ಶೆಟ್ಟರು ಊರಿಂದ ಕರೆಸಿದ ತೆಂಗು ಹತ್ತುವ ತುಳುವ, ತುರ್ಭೆಯ ಕಾರ್ಖಾನೆಯ ಸದ್ದಿಗೆ ಕಿವಿ ಕೇಳದಂತಾಗಿದ್ದರೂ ಹಗ್ಗದ ಜಗ್ಗಾಟದಲ್ಲೇ ಎಲ್ಲ ತಿಳಿಯುತ್ತಿದ್ದ ಒಬ್ಬ ಮರಾಠಿ ಆಳು. ಮರವಂತೂ ಮರುವರ್ಷ ಎಲೆ ಕಾಣದಷ್ಟು ಕಾಯಿ ಬಿಟ್ಟಿತು. ತಾವು ಕೊಟ್ಟ ಅರಿಶಿನದ ಮಹಿಮೆ ಎಂದು ಕಾಕು ಇಡೀ ಡೊಂಬಿವಲಿಗೆ ಹೇಳಿದರು.

ಆ ಖುಷಿಯಲ್ಲೇ ಸೊಸೈಟಿ ಒಂದು ಠರಾವು ಮಾಡಿತು. ಇನ್ನು ಮುಂದೆ ಗಂಡಾಗಲಿ ಹೆಣ್ಣಾಗಲಿ, ಯಾವ ಊರಿನವರಾಗಲಿ, ಯಾವ ಭಾಷೆಯವರಾಗಲಿ, ಕೆಲಸ ಬಲ್ಲ ಯಾರು ಬೇಕಾದರೂ ಈ ಮರ ಹತ್ತಬಹುದು, ಸೆಕ್ರೆಟರಿಯನ್ನು ಬಿಟ್ಟು. ಸೆಕ್ರೆಟರಿಯಾದ್ದರಿಂದ ಅದನ್ನು ನಡಾವಳಿ ಪುಸ್ತಕದಲ್ಲಿ ನನ್ನ ಮುರುಕು ಮರಾಠಿಯಲ್ಲಿ ನಾನೇ ಬರೆದೆ. ಮಂಡಿಸಿದವರು ಮಾಲತಿ ಕಾಕು. ಅನುಮೋದಿಸಿದವರು ಸುಮಿತ್ರಾ. ಆ ಸಂಜೆಯ ಚಹಾದಲ್ಲಿ ಸಕ್ಕರೆ ಒಂದು ಚಮಚ ಹೆಚ್ಚೇ ಇತ್ತು.